ಗಂಜಿ ಹೆಚ್ಚಾದ ಇನ್ನೂರು ಕಂಬಳಿ

ಕಂಬಳಿಯನ್ನು ನಿಲ್ಲಿಸಿ ನೋಡಿ ಕೊಳ್ಳುವುದು ನಮ್ಮ ಕಡೆಯ ವ್ಯಾಪಾರದ ಪದ್ಧತಿ. ಅಗಲಕ್ಕೆ ಒಂದು ಮಡಿಕೆ ಹಾಕಿ, ನಡುವೆ ಬಗ್ಗಿಸಿ, ಎರಡೂ ತುದಿ ನೆಲಕ್ಕೆ ತಾಗುವಂತೆ ಗುಡಾರದ ಹಾಗೆ ನಿಲ್ಲಿಸಬೇಕು. ಆಮೇಲೆ ಕೈ ಬಿಡಬೇಕು. ನಿಂತರೆ ಮಾಲು ಒಳ್ಳೆಯದು, ಕುಸಿದರೆ ಹಗುರ. ಹಾಗೆ ನಿಲ್ಲುವ ಬಲ ಉಣ್ಣೆಯೊಂದರಿಂದಲೇ ಬರುವುದಿಲ್ಲ, ಹುಣಸೆ ಬೀಜದ ಗಂಜಿಯಿಂದ ಬರುತ್ತದೆ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ ಮಾಡಿದ ಗಂಜಿಯನ್ನು ಮೊದಲು ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ, ನೂಲಿಗೆ ಬಳಿಯುತ್ತಾರೆ. ನೇಯ್ದ ಮೇಲೆ ಮತ್ತೊಮ್ಮೆ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಗಂಜಿ ಹೀರಿದ ಹೊಸ ಕಂಬಳಿಯ ಮೇಲೆ ಮಳೆ ನೀರು ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಕುರಿಗಳ ಹಿಂದೆ ಬಯಲಿನಲ್ಲಿ ನಿಲ್ಲುವವನಿಗೆ ಬೇಕಾದದ್ದು ಅದೇ.

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳಲ್ಲಿ ನಾನು ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ದೇಶೀ ಮಾಲಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಕಂಬಳಿ, ಕೈನೂಲಿನ ಬಟ್ಟೆ, ನಾರಿನ ಹಗ್ಗ ಇಂಥವನ್ನು ಮಾರುತ್ತಿದ್ದೆವು. ನನ್ನ ಕೆಲಸ ಹಳ್ಳಿಗಳಿಗೆ ಹೋಗಿ ಮಾಲು ನೋಡಿ ತೆಗೆದುಕೊಳ್ಳುವುದು. ದೇಶೀ ಮಾಲನ್ನು ಹೊಗಳುವವರು ಆಗ ಬಹಳ ಮಂದಿ ಇದ್ದರು. ಅಂಗಡಿಗೆ ಬಂದು ಕೈಯಿಂದ ಸವರಿ, ‘ಚೊಲೋ ಐತಿ’ ಎಂದು ಹೇಳಿ, ಎದುರಿನ ಅಂಗಡಿಯ ಗಿರಣಿ ಮಾಲನ್ನು ಕೊಂಡು ಹೋಗುತ್ತಿದ್ದರು. ಗಿರಣಿಯ ಹತ್ತು ತುಂಡು ಒಂದೇ ಸಮ ಇರುತ್ತವೆ, ನಮ್ಮ ಹತ್ತರಲ್ಲಿ ಎರಡು ಒಂದೇ ಥರ ಸಿಗುವುದು ಕಷ್ಟ. ಅದಕ್ಕೇ, ರೈಲು ಸ್ಟೇಷನ್ನಿನ ಹತ್ತಿರದ ಸರಕಾರಿ ಸರಬರಾಜು ಡಿಪೋದಿಂದ ಇನ್ನೂರು ಕಂಬಳಿಗೆ ಬೇಡಿಕೆ ಬಂದಾಗ ನಮ್ಮ ಮಾಲಕರು ಅಂಗಡಿಯಲ್ಲಿ ಎಲ್ಲರಿಗೂ ಪೇಢೆ ಹಂಚಿದರು.

ಡಿಪೋದವರು ಕೊಟ್ಟ ಅಳತೆ ಬೇರೆಯಾಗಿತ್ತು. ನಮ್ಮ ಕಡೆಯ ಕಂಬಳಿ ಏಳು ಮೊಳ ಉದ್ದ. ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡರೆ ಮೀನಖಂಡದವರೆಗೆ ಬರಬೇಕು. ಅವರಿಗೆ ಮಂಚದ ಮೇಲೆ ಹೊದೆಯುವುದಕ್ಕೆ ಏಳೂವರೆ ಫೂಟು, ಅಂದರೆ ಐದೇ ಮೊಳ, ಸಾಕಾಗಿತ್ತು. ಟಿಕೋಟದ ಆಚೆಯ ಕಳ್ಳಕವಟಗಿಯಲ್ಲಿ ಕುರಿ ಸಾಕುವ ಹದಿನೆಂಟು ಮನೆಯವರು ಈ ಕೆಲಸ ಹಿಡಿದರು. ಅವರೆಲ್ಲರ ಪರವಾಗಿ ಮಾತಾಡಿದವರು ಒಬ್ಬ ಹಿರಿಯ ನೇಕಾರರು. ಊರೆಲ್ಲ ಅವರನ್ನು ಮುತ್ಯಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ನೂಲುವ ಹೆಂಗಸರನ್ನು ನೋಡಿಕೊಂಡವರು ಅವರ ಹೆಂಡತಿ, ಅವರು ಎಲ್ಲರಿಗೂ ಆಯಿ. ಆ ಹಂಗಾಮಿನಲ್ಲಿ ಕತ್ತರಿಸಿದ ಉಣ್ಣೆಯೆಲ್ಲ ಈ ಇನ್ನೂರಕ್ಕೇ ಹೋಯಿತು. ಮನೆಬಳಕೆಗೆ ಒಂದು ಏಳು ಮೊಳದ್ದನ್ನೂ ಆ ವರ್ಷ ಯಾರೂ ನೇಯಲಿಲ್ಲ.

ಸಂಕ್ರಮಣ ಮುಗಿದ ಮೇಲೆ ಮಾಲು ನೋಡಲು ಹೋದೆ. ಮುತ್ಯಾನ ಮನೆಯ ಮುಂದೆ ಎರಡು ದಿನ ಕೂತು, ಒಂದೊಂದನ್ನೂ ಬಿಚ್ಚಿ ಉದ್ದ ಅಗಲ ಅಳೆದೆ, ಅಂಚು ನೋಡಿದೆ. ನಿಲ್ಲಿಸಿಯೂ ನೋಡಿದೆ. ಇನ್ನೂರೂ ನಿಂತವು. ಅಷ್ಟು ಬಿರುಸಾದ ಕಂಬಳಿಯನ್ನು ನಾನು ಮೊದಲು ಕಂಡಿರಲಿಲ್ಲ. ಕೈ ಬಿಟ್ಟರೆ ಹಲಗೆಯ ಹಾಗೆ ನಿಲ್ಲುತ್ತಿದ್ದವು. ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

‘ಏನ ತಮ್ಮಾ, ಒಂದರೆ ಬಿತ್ತೇನು?’

‘ಇಲ್ರಿ ಆಯಿ.’

‘ಬೀಳೂದಿಲ್ಲ ಬಿಡು. ನೀ ಬಿದ್ದೀ, ಅವು ಬೀಳೂದಿಲ್ಲ.’

ಎಲ್ಲರೂ ನಕ್ಕರು. ನಾನೂ ನಕ್ಕು ಇನ್ನೂರಕ್ಕೂ ಮೂಲೆಯಲ್ಲಿ ನನ್ನ ಗುರುತಿನ ಕೆಂಪು ದಾರ ಹೊಲಿದೆ. ಆ ದಾರದ ಅರ್ಥ ನಾನು ನೋಡಿ ಒಪ್ಪಿದ ಮಾಲು ಎಂದು. ಎಂದಿಗಿಂತ ಹೆಚ್ಚು ಬಿರುಸು ಯಾಕೆ ಎಂದು ಆ ಎರಡು ದಿನಗಳಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಬಿರುಸು ಹೆಚ್ಚಿದ್ದರೆ ಒಳ್ಳೆಯದೇ ಎಂಬುದು ನಾನು ಕಲಿತ ಪಾಠ.

ನಾಲ್ಕು ಬಂಡಿಗಳಲ್ಲಿ ಮಾಲು ವಿಜಾಪುರಕ್ಕೆ ಬಂತು. ಮುತ್ಯಾ ತಾವೂ ಬಂದರು. ಹದಿನೆಂಟು ಮನೆಯ ಮಾಲು, ಒಪ್ಪಿಸಿಯೇ ಹೋಗುತ್ತೇನೆ ಎಂದರು. ಡಿಪೋದ ತಪಾಸಣೆಯ ಸಾಹೇಬರು ಪುಣೆಯ ಕಡೆಯವರು, ಮಾತೆಲ್ಲ ಮರಾಠಿ. ಅವರು ಕಂಬಳಿಗಳನ್ನು ನಿಲ್ಲಿಸಿ ನೋಡಲಿಲ್ಲ. ರಾಶಿಯೊಳಗಿಂದ ಐದನ್ನು ಎಳೆಸಿ, ತೂಗಿಸಿ, ಬರೆದುಕೊಂಡು, ಗೋದಾಮಿನ ಹಿಂದಿನ ನೀರಿನ ತೊಟ್ಟಿಯಲ್ಲಿ ನೆನೆಹಾಕಲು ಹೇಳಿದರು. ಮುತ್ಯಾ ನನ್ನ ಕಡೆ ನೋಡಿದರು.

‘ಏನ್ ಮಾಡಾಕತ್ತಾರ್ರಿ?’

‘ತೊಳದು ನೋಡ್ತಾರಂತ.’

‘ಹೊಸಾ ಕಂಬಳಿ?’ ಎಂದರು. ಅಷ್ಟೇ.

ಮೂರನೆಯ ದಿನ ಬರಲು ಹೇಳಿದ್ದರು. ಹೋದೆವು. ಒಣಗಿದ ಐದು ಕಂಬಳಿಗಳು ಹಳೆಯ ಬಟ್ಟೆಯ ಹಾಗೆ ಮೆತ್ತಗೆ ಬಿದ್ದಿದ್ದವು. ಸಾಹೇಬರು ಒಂದೊಂದನ್ನೇ ತಕ್ಕಡಿಗೆ ಹಾಕಿಸಿದರು. ಇಂಗ್ಲಿಷಿನ ಪೌಂಡೇ ನಮ್ಮ ರತ್ತಲು, ಅದಕ್ಕೆ ಹದಿನಾರು ಔನ್ಸು. ಮೊದಲನೆಯದು ತೊಳೆಯುವ ಮೊದಲು ಐದು ರತ್ತಲು ಹದಿನಾಲ್ಕು ಔನ್ಸು ಇತ್ತು, ಈಗ ಸರಿಯಾಗಿ ಐದು ರತ್ತಲು. ಉಳಿದ ನಾಲ್ಕೂ ಹೆಚ್ಚುಕಡಿಮೆ ಹಾಗೆಯೇ. ತೊಳೆದಾಗ ಆರು ಔನ್ಸಿನವರೆಗೆ ಇಳಿದರೆ ನಡೆಯುತ್ತದೆ, ಅದಕ್ಕಿಂತ ಹೆಚ್ಚು ಇಳಿದರೆ ತೂಕ ಹೆಚ್ಚಿಸಲು ಏನೋ ತುಂಬಿದ್ದಾರೆ ಎಂದು ತಿಳಿಯಬೇಕು ಎಂಬುದು ಅವರ ನಿಯಮ. ಸಾಹೇಬರು ಕೂಗಾಡಲಿಲ್ಲ. ಬರೆಯುತ್ತಾ, ತಲೆ ಎತ್ತದೆ, ‘ಹೀ ಲಬಾಡಿ ಆಹೇ’, ಇದು ಮೋಸ, ಎಂದರು. ಹಳ್ಳಿಯವರು ಅಂಟು ತುಂಬಿ ಉಣ್ಣೆಯ ತೂಕಕ್ಕೆ ಮಾರುವ ಕಳ್ಳರು, ಇಂಥವರನ್ನು ಇನ್ನು ಮೇಲೆ ಡಿಪೋದ ಬಾಗಿಲಿಗೂ ತರಬೇಡ ಎಂದರು. ಮಾಲನ್ನು ಹತ್ತು ದಿನದೊಳಗೆ ಎತ್ತಿಕೊಂಡು ಹೋಗಬೇಕು ಎಂದೂ ಹೇಳಿದರು.

ಸಾಹೇಬರ ಮಾತನ್ನು ಮುತ್ಯಾನಿಗೆ ಕನ್ನಡದಲ್ಲಿ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು. ನಾನು ಹೇಳಿದೆ: ‘ತೂಕ ಇಳದೈತಿ, ಮಾಲು ಬ್ಯಾಡಂತ್ರಿ.’

ಮುತ್ಯಾ ಆ ಐದು ಕಂಬಳಿಗಳನ್ನು ನೋಡಿದರು. ಆಮೇಲೆ ಹೆಗಲ ಮೇಲಿನ ತಮ್ಮ ಕಂಬಳಿಯನ್ನು ಸರಿಮಾಡಿಕೊಂಡು ಹೊರಗೆ ನಡೆದರು. ನಾನು ಬಂಡಿಯ ಹತ್ತಿರ ಹೋದಾಗ ಅವರು ಎತ್ತಿನ ಕೊರಳ ಹಗ್ಗ ಬಿಗಿಯುತ್ತಿದ್ದರು.

‘ನೀವು ಅರ್ಧಾ ಹೇಳಿದ್ರಿ’ ಎಂದರು. ‘ನಾ ಕುರಿ ಹೊಡಕೊಂಡು ಜತ್ತದಾಚಿಗೆ ಮರಾಠಿ ಮಂದ್ಯಾಗ ನಲವತ್ತ ವರ್ಷ ತಿರಗೇನಿ. ಉಳದ ಅರ್ಧಾ ನನಗ ತಿಳೀತು.’

ಹಗ್ಗದ ಗಂಟು ಎರಡು ಸಲ ಬಿಚ್ಚಿತು, ಎರಡು ಸಲವೂ ಮತ್ತೆ ಬಿಗಿದರು. ಅವರು ಬಂಡಿ ಹೊಡೆದುಕೊಂಡು ಟಿಕೋಟದ ದಾರಿ ಹಿಡಿದರು.

ಅಂಗಡಿಯಲ್ಲಿ ಮಾಲಕರು ಗಾದಿಯಿಂದ ಎದ್ದು ನಿಂತೇ ನನ್ನ ಮಾತು ಕೇಳಿದರು.

‘ತಿರುಗಿ ಕಳಸು ಎಲ್ಲಾ. ಇವತ್ತs ಕಳಸು. ನನ್ನ ಅಂಗಡ್ಯಾಗ ಒಂದೂ ಇಳಸಬ್ಯಾಡ.’

‘ಅವರು ಏನ್ ಮಾಡಬೇಕ್ರಿ ಸಾಹುಕಾರ್ರ ಅವನ್ನ?’

‘ಅದನ್ನ ನನ್ನ ಕೇಳ್ತಿಯೇನಲೇ? ಕೆಂಪು ದಾರಾ ಹೊಲದಾವ ನೀನೋ ನಾನೋ?’

ಮರುದಿನ ಮಾಲಕರ ಮಾತನ್ನು ಊರಿಗೆ ತಿಳಿಸಲು ಹೊರಟೆ. ಪೆಟ್ರೋಲು ಸಿಗದ ಕಾಲ, ಇದ್ದಿಲ ಗ್ಯಾಸಿನ ಬಸ್ಸು. ದಿಬ್ಬ ಬಂದಲ್ಲಿ ಇಳಿದು ತಳ್ಳಬೇಕು. ಟಿಕೋಟದಲ್ಲಿ ಇಳಿದು, ಕಳ್ಳಕವಟಗಿಯ ಕಡೆಗೆ ಹೊರಟ ಬಂಡಿಯೊಂದರಲ್ಲಿ ಕೂತೆ. ಮುತ್ಯಾನ ಮನೆಯ ಕಟ್ಟೆಯ ಮೇಲೆ ಏಳೆಂಟು ಮನೆಯವರು ಕೂಡಿದ್ದರು. ಮುತ್ಯಾ ನನಗೆ ಬೆನ್ನು ಮಾಡಿ, ಉಳಿದ ಚೂರುಪಾರು ಉಣ್ಣೆ ಹಿಂಜುತ್ತಿದ್ದರು. ಹಿಂಜುವ ಬಿಲ್ಲಿನ ನಾರು ಮಿಡಿಯುವ ಸದ್ದು ನಿಲ್ಲಲಿಲ್ಲ.

ಆಯಿ ನೀರು ತಂದಿಟ್ಟರು.

‘ಕಂಬಳಿ ತೊಳದರಂತಲ್ಲೋ ತಮ್ಮಾ ನಿಮ್ಮ ಸಾಹೇಬ್ರು. ಯಾರರೆ ಹೊಸಾ ಕಂಬಳಿ ತೊಳೀತಾರ? ನನ್ನ ಮದಿವಿ ಕಂಬಳಿ ಇನ್ನೂ ನೀರ ಮಾರಿ ನೋಡಿಲ್ಲ.’

‘ನೀನರೆ ಎಲ್ಲಿ ನೋಡೀಯವ್ವಾ’ ಎಂದು ಹಿಂದೆ ಕೂತಿದ್ದ ಒಬ್ಬಳು ಅಂದಳು. ಆಯಿ ತಿರುಗಿ, ‘ಏ ಸುಮ್ಮಿರ ಬೇ’ ಎಂದರು. ಯಾರೂ ಹೆಚ್ಚು ನಗಲಿಲ್ಲ.

ಆಗ ನಾನು, ಮೊದಲೇ ಕೇಳಬೇಕಾಗಿದ್ದುದನ್ನು ಕೇಳಿದೆ.

‘ಆಯಿ, ನೇಯ್ದ ಮ್ಯಾಲೆ ಗಂಜಿ ಎಷ್ಟ ಸಲ ಬಳದ್ರಿ?’

‘ಯಾವಾಗ್ಲೂ ಒಂದs ಸಲ. ಇದಕ್ಕ ಮೂರು ಸಲ ಬಳದೇವಿ.’

‘ಮೂರ್ಯಾಕ?’

‘ಯಾಕಂದ್ರ? ಸರಕಾರದ ಮಾಲು ಇದು, ಸಂತಿ ಮಾಲಲ್ಲ. ಅಲ್ಲಿ ದೊಡ್ಡವರ ಮುಂದ ನಿಲ್ಲಸ್ದಾಗ ಡೊಗ್ಗಿ ಬಿದ್ರ ನಮ್ಮ ಹೆಸರೇನಾಗಬೇಕು? ಮನ್ಯಾಗಿನ ಹುಣಸಿಬೀಜ ಮುಗದು ಟಿಕೋಟದಿಂದ ಎರಡು ಚೀಲ ತರಸೇವಿ. ಬೀಸಿ ಬೀಸಿ ರಟ್ಟಿ ಹೋದುವು.’

ಮಾತು ಅಷ್ಟೇ. ಇನ್ನೂರು ಕಂಬಳಿಗೂ ಗೌರವಕ್ಕೆಂದು ಮೂರು ಪಟ್ಟು ಗಂಜಿ ಬಳಿದಿದ್ದರು. ಅದನ್ನು ತೊಳೆದು ತೂಗುವ ಜನ ಇದ್ದಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮಾಲು ತಿರುಗಿ ಬರುತ್ತದೆ ಎಂದು ನಾನು ಹೇಳಿದಾಗ ಬಿಲ್ಲಿನ ಸದ್ದು ನಿಂತಿತು. ಮುತ್ಯಾ ಮುಖ ತಿರುಗಿಸದೆಯೇ ಮಾತಾಡಿದರು.

‘ತಂದು ಏನ್ ಮಾಡೂದ್ರಿ? ಐದು ಮೊಳದ ಕಂಬಳಿ. ತಲಿಗೆ ಹಾಕಿದ್ರ ಮೊಣಕಾಲು ಹೊರಗ. ಕುರಿ ಕಾಯಾವ ಹೊತ್ಕೊಂಡು ಹ್ವಾದ್ರ ಕುರಿನೂ ನಗ್ತಾವ. ಯಾ ಸಂತ್ಯಾಗೂ ಒಂದೂ ಹೋಗೂದಿಲ್ಲ.’ ಆಮೇಲೆ, ‘ಹದಿನೆಂಟು ಮನೀ ಉಣ್ಣೀರಿ’ ಎಂದರು.

ತಿರುಗಿ ಬರುವಾಗ ಬಸ್ಸು ತಳ್ಳಲು ಇಳಿದಿದ್ದಾಗ ಒಂದು ಅಂಕಿ ನೆನಪಾಯಿತು. ತೊಳೆದ ಮೇಲೆ ಉಳಿದದ್ದು ಐದು ರತ್ತಲು. ಡಿಪೋ ಕೇಳಿದ್ದ ಕನಿಷ್ಠ ತೂಕ ನಾಲ್ಕೂಮುಕ್ಕಾಲು. ಗಂಜಿಯೆಲ್ಲ ಹೋದ ಮೇಲೂ ಉಣ್ಣೆ ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಉಣ್ಣೆಯ ಬದಲು ಗಂಜಿ ತುಂಬುವವನು ಉಣ್ಣೆ ಉಳಿಸಿಕೊಂಡಿರಬೇಕಲ್ಲ. ಇವರು ಏನೂ ಉಳಿಸಿಕೊಂಡಿರಲಿಲ್ಲ. ತಕ್ಕಡಿಯ ಮುಂದೆ ನಿಂತಾಗ ಆ ಅಂಕಿ ನನ್ನ ಕಣ್ಣೆದುರಿಗೇ ಇತ್ತು. ಸಾಹೇಬರ ಮಾತು ಕೇಳಿ ತಲೆ ತಗ್ಗಿಸಿದವನಿಗೆ ಅದು ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅರ್ಜಿ ಬರೆದೆ. ಈ ಮಾಲನ್ನು ನೋಡಿ ಒಪ್ಪಿದವನು ನಾನು, ಗಂಜಿ ಹೆಚ್ಚಿದ್ದುದನ್ನು ಒಳ್ಳೆಯ ಗುಣವೆಂದು ತಿಳಿದು ಒಪ್ಪಿದ್ದೇನೆ, ತಪ್ಪು ನನ್ನದು. ತೊಳೆದ ಮೇಲಿನ ತೂಕ ನಿಮ್ಮದೇ ಪುಸ್ತಕದಲ್ಲಿದೆ, ನೋಡಬೇಕು. ಇನ್ನೂರನ್ನೂ ತೊಳೆದು ತಂದು ಒಪ್ಪಿಸಲು ಅವಕಾಶ ಕೊಡಬೇಕು. ಇಷ್ಟು ಬರೆದು ಮಾಲಕರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

‘ನೀ ಯಾವಾಗ ವಕೀಲ ಆದ್ಯೋ?’ ಎಂದರು. ‘ನನ್ನ ಅಂಗಡಿ ಹೆಸರು ಇದರಾಗ ಬರಬಾರದು. ನಿನ್ನ ಹೆಸರಿಲೇ ಕೊಡು. ಅವರು ಹರದು ಒಗದ್ರ ನಾಳಿಂದ ನೀನೂ ಇತ್ತ ಬರಬ್ಯಾಡ.’

ಅಂಗಡಿಯ ಹೆಸರಿನ ಸಾಲನ್ನು ಹೊಡೆದು, ಬೇರೆ ಹಾಳೆಯಲ್ಲಿ ಬರೆದು, ನನ್ನ ಸಹಿ ಹಾಕಿದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಕೆಲಸ ಬಿಟ್ಟರೆ ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಸಾಹೇಬರು ಅರ್ಜಿ ಓದಿ, ಪುಸ್ತಕ ತರಿಸಿ, ಐದೂ ಅಂಕಿಗಳ ಕೆಳಗೆ ಬೆರಳಿಟ್ಟು ನೋಡಿದರು. ಕೊನೆಗೆ, ‘ಉಣ್ಣೆ ಇದೆ’ ಎಂದು ಮರಾಠಿಯಲ್ಲಿ ಒಪ್ಪಿದರು. ಹದಿನೈದು ದಿನ ಕೊಟ್ಟರು. ಒಂದು ಮಾತು ಮಾತ್ರ ಎಚ್ಚರಿಸಿದರು: ತೊಳೆದರೆ ಉಣ್ಣೆ ಕುಗ್ಗುತ್ತದೆ, ಏಳೂವರೆ ಫೂಟಿಗೆ ಒಂದು ಬೆರಳು ಕಡಿಮೆ ಬಂದರೂ ತೆಗೆದುಕೊಳ್ಳುವುದಿಲ್ಲ.

ಆಮೇಲಿನ ತಪ್ಪಿನಲ್ಲಿ ಮಾಲಕರ ಪಾಲು ಸ್ವಲ್ಪ, ನನ್ನದು ಹೆಚ್ಚು. ಅಷ್ಟು ದೂರ ಕಳ್ಳಕವಟಗಿಗೆ ಒಯ್ಯುವ ಬದಲು ಸಾರವಾಡದಲ್ಲಿ ತಮ್ಮ ಬೀಗರ ಹೊಲ ಡೋಣಿ ಹೊಳೆಯ ದಂಡೆಗೇ ಇದೆ, ಅಲ್ಲಿ ತೊಳೆಸು ಎಂದು ಮಾಲಕರು ಹೇಳಿದರು. ಒಂದು ದಿನದ ದಾರಿಯೂ ಅಲ್ಲ. ನಾನು ನಲವತ್ತು ಕಂಬಳಿಗಳನ್ನು ಬಂಡಿಗೆ ಹಾಕಿಸಿಕೊಂಡು ಹೋದೆ. ತೊಳೆಯಲು ಬಬಲೇಶ್ವರದಿಂದ ಆರು ಮಂದಿ ಕೂಲಿಗೆ ಬಂದರು. ಹೊಳೆಯಲ್ಲಿ ಅದ್ದಿ, ತುಳಿದು, ಇಬ್ಬರಿಬ್ಬರು ತುದಿ ಹಿಡಿದು ಹಗ್ಗದ ಹಾಗೆ ಹಿಂಡಿ ದಂಡೆಯ ಮೇಲೆ ಹರವಿದರು. ಮರುದಿನ ಸಂಜೆ ಹೊತ್ತಿಗೆ ಒಣಗಿದ ಕಂಬಳಿಗಳ ಮೇಲೆ ಬಿಳಿ ಗೆರೆಗಳು ಮೂಡಿದವು. ಗಂಜಿ ಅರ್ಧದಷ್ಟೂ ಬಿಟ್ಟಿರಲಿಲ್ಲ. ಬೀಗರ ಮನೆಯ ಯಜಮಾನ ಬಂದು ನೋಡಿದ.

‘ಡೋಣಿ ನೀರಾಗ ತೊಳದೀರೇನ್ರಿ?’

‘ಹೌದ್ರಿ.’

‘ಮಳಿಗಾಲ ಹೋದ ಮ್ಯಾಲೆ ಬರೇ ಉಪ್ಪ್ರೀ ಇದು. ನಾವು ಎತ್ತಿಗೆ ಕುಡಸಾಕೂ ಹಿಂದಮುಂದ ನೋಡ್ತೇವಿ. ನೀವು ಮಾಲು ತಂದು ಅದ್ದೀರಿ. ಯಾರನ್ನರೆ ಕೇಳಬಾರದ?’

ಡೋಣಿಯ ನೀರು ಉಪ್ಪು ಎಂದು ನಾನು ಕೇಳಿದ್ದೆ. ಕುಡಿಯುವುದಕ್ಕಲ್ಲವಲ್ಲ, ತೊಳೆಯುವುದಕ್ಕೇನು ಎಂದುಕೊಂಡಿದ್ದೆ. ಅಳೆದು ನೋಡಿದರೆ ನಲವತ್ತರಲ್ಲಿ ಹೆಚ್ಚಿನವು ಅರ್ಧ ಗೇಣು ಕುಗ್ಗಿದ್ದವು, ಕೆಲವು ಅದಕ್ಕಿಂತ ಹೆಚ್ಚು. ಹಿಂಡಿದ್ದರ ಫಲ. ನೆಯ್ಗೆಯವರು ಐದು ಮೊಳಕ್ಕೆ ನಾಲ್ಕು ಬೆರಳು ಹೆಚ್ಚು ಬಿಟ್ಟು ನೇಯುತ್ತಾರೆ, ಅದು ಅವರ ವಾಡಿಕೆ. ಆ ನಾಲ್ಕು ಬೆರಳು ಹೋಗಿ, ಮೇಲೆ ಇನ್ನಷ್ಟು ಹೋಗಿತ್ತು. ಹದಿನೈದರಲ್ಲಿ ನಾಲ್ಕು ದಿನ ಮುಗಿದಿದ್ದವು. ಉಣ್ಣೆಯನ್ನು ಅರಿಯದ ಕೈಗೆ ಕಂಬಳಿ ಕೊಟ್ಟವನು ನಾನು.

ಇನ್ನೂರನ್ನೂ ಹೇರಿಕೊಂಡು ಕಳ್ಳಕವಟಗಿಗೆ ಹೋದೆ. ಮುತ್ಯಾನ ಮುಂದೆ ನಿಂತು, ಸಾರವಾಡದಲ್ಲಿ ಆದದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಅರ್ಜಿಯಲ್ಲಿ ಬರೆದದ್ದನ್ನೂ ಹೇಳಿದೆ. ಅವರು ಒಂದು ಕಂಬಳಿ ಬಿಚ್ಚಿ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದು ನಾಲಗೆಗೆ ಹಚ್ಚಿಕೊಂಡರು.

‘ನಾ ಹಾಕಿದ್ದನ್ನ ನನ್ನ ಕೈಲೇ ತಗೀ ಅಂತೀರಿ’ ಎಂದರು.

‘ಹೌದ್ರಿ ಮುತ್ಯಾ.’

‘ತಗದ್ರ ಅದು ಕಂಬಳಿ ಆಗಿ ಉಳೀತೈತೇನ್ರಿ? ಚಿಂದಿ ಆಕ್ಕೈತಿ.’

‘ಅವರಿಗೆ ಅದs ಬೇಕಂತ್ರಿ. ಮೈಗೆ ಮೆತ್ತಗ.’

ಮುತ್ಯಾ ಎದ್ದು ಹಿತ್ತಲಿಗೆ ಹೋದರು. ಹೋದವರು ಬರಲಿಲ್ಲ. ಬಂಡಿಗಳು ಹೂಡಿದಂತೆಯೇ ನಿಂತಿದ್ದವು. ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮನೆಯ ಕಂಬಳಿಯನ್ನು ಅಂಚು ನೋಡಿ ಗುರುತಿಸಿ ಮುಟ್ಟುತ್ತಿದ್ದರು. ಕೊನೆಗೆ ಆಯಿ ಬಾಗಿಲಿಗೆ ಬಂದರು.

‘ಗಂಜಿ ಹೋದ್ರ ಹೋಗಲಿ, ಉಣ್ಣಿ ನಮ್ಮದs ಐತಿ. ಇಳಸ್ರೇ’ ಎಂದರು ಹೆಂಗಸರಿಗೆ. ‘ಮುತ್ಯಾ ಸಿಟ್ಟು ಇಳದ ಮ್ಯಾಲೆ ಬರ್ತಾನ. ಅಲ್ಲೀತನಾ ಕಂಬಳಿ ಬಿಸಲಾಗ ಕುಂದರಬೇಕೇನು?’

ಊರ ಹೊರಗಿನ ಬಾವಿಯ ನೀರು ಸಿಹಿ. ಅದರ ಪಕ್ಕದ ಕಲ್ಲು ದೋಣಿಯಲ್ಲಿ, ಅಂದರೆ ಕಲ್ಲಿನ ತೊಟ್ಟಿಯಲ್ಲಿ, ಅಂಟುವಾಳ ಕಾಯಿ ನೆನೆಸಿ ನೊರೆ ಮಾಡಿದರು. ಕಂಬಳಿಯನ್ನು ಮಡಿಸಿಯೇ ಇಳಿಸಬೇಕು, ಕಾಲಿನಿಂದ ಮೆಲ್ಲಗೆ ಒತ್ತಬೇಕು, ತುಳಿಯಬಾರದು. ನೀರು ಜಿಗುಟಾಗಿ ಕಂದು ಬಣ್ಣಕ್ಕೆ ಬಂದಾಗ ಬದಲಿಸಬೇಕು. ಒಂದೊಂದಕ್ಕೂ ಐದು ನೀರು ಹಿಡಿಯಿತು. ಹಿಂಡುವುದಿಲ್ಲ. ಎತ್ತಿ ಗಳುವಿನ ಮೇಲೆ ಹಾಕಿ ನೀರು ತಾನಾಗಿ ಇಳಿಯಲು ಬಿಡುವುದು. ಆಯಿ ದೋಣಿಯ ಅಂಚಿನಲ್ಲಿ ಕೂತು, ಯಾವುದು ಆಯಿತು ಯಾವುದು ಇಲ್ಲ ಎಂದು ನೀರಿಗೆ ಕೈ ಅದ್ದಿ ಬೆರಳು ಉಜ್ಜಿ ಹೇಳುತ್ತಿದ್ದರು. ನಾನು ನೀರು ಸೇದಿದೆ. ಮೊದಲ ದಿನವೇ ಅಂಗೈ ಗುಳ್ಳೆ ಎದ್ದಿತು.

‘ಪ್ಯಾಟಿ ಕೈ’ ಎಂದು ಆಯಿ ಅಂದರು. ‘ಗಂಜಿ ಬಳಕೋ, ಗಟ್ಟಿ ಆಕ್ಕಾವ.’

ಎರಡನೆಯ ದಿನ ಮಧ್ಯಾಹ್ನ ಮುತ್ಯಾ ಬಾವಿಗೆ ಬಂದರು. ಗಳುವಿನ ಮೇಲಿನ ಒಂದು ಕಂಬಳಿಯನ್ನು ಮುಂಗೈ ಮೇಲೆ ತೂಗಿ ನೋಡಿದರು. ಅದು ಎರಡೂ ಕಡೆಗೆ ಜೋತುಬಿತ್ತು. ‘ಜೀವ ಹೋದಂಗ ಆಗೈತಿ’ ಎಂದು ಮುಖ ತಿರುಗಿಸಿದರು. ಆದರೆ ಹೋಗಲಿಲ್ಲ. ‘ಹಿಂಗ ಒಣಗಿಸಿದ್ರ ಕುಗ್ತಾವ. ಓಣ್ಯಾಗ ಹಾಸಿನ ಗೂಟ ಅದಾವ, ಎಳದು ಕಟ್ರಿ’ ಎಂದರು.

ನೂಲಿನ ಹಾಸು ಹಾಕುವುದಕ್ಕೆ ಓಣಿಯುದ್ದಕ್ಕೂ ನೆಟ್ಟ ಗೂಟಗಳು ಇದ್ದೇ ಇದ್ದವು. ಒದ್ದೆ ಕಂಬಳಿಯ ಎರಡೂ ತುದಿಗೆ ಬಿದಿರ ಕಡ್ಡಿ ಹೊಲಿದು, ಆ ಕಡ್ಡಿಗಳನ್ನು ಹಗ್ಗದಿಂದ ಗೂಟಗಳಿಗೆ ಕಟ್ಟಿ, ಒಣಗುತ್ತಾ ಹೋದಂತೆ ಗಂಟನ್ನು ಬಿಗಿಯುತ್ತಾ ಹೋದರು. ಎಷ್ಟು ಬಿಗಿಯಬೇಕು ಎಂಬುದು ಮುತ್ಯಾನಿಗೆ ಮಾತ್ರ ಗೊತ್ತಿತ್ತು. ಹೆಚ್ಚು ಎಳೆದರೆ ನಡುವೆ ನೂಲು ಬಿಡುತ್ತದೆ. ಅವರು ಒಂದೊಂದನ್ನೂ ಬೆರಳಿನಿಂದ ಮಿಡಿದು ನೋಡಿ ಮುಂದೆ ಹೋಗುತ್ತಿದ್ದರು. ಐದು ದಿನ ಆ ಓಣಿಯಲ್ಲಿ ಬಂಡಿ ಹಾಯಲಿಲ್ಲ. ಸಾರವಾಡದ ನಲವತ್ತನ್ನೂ ಮತ್ತೆ ತೊಳೆದು ಎಳೆದು ಕಟ್ಟಿದರು. ಅವುಗಳಲ್ಲಿ ಹಲವು ಅಳತೆಗೆ ಬಂದವು, ಕೆಲವು ಬರಲಿಲ್ಲ. ಒಮ್ಮೆ ಹಿಂಡಿ ಗಂಟುಗಟ್ಟಿದ ಉಣ್ಣೆ ತಿರುಗಿ ಸಡಿಲಾಗುವುದಿಲ್ಲ ಎಂದು ಮುತ್ಯಾ ಹೇಳಿದರು.

ಹದಿನಾಲ್ಕನೆಯ ದಿನ ಡಿಪೋದಲ್ಲಿ ಮಾಲು ಇಳಿಸಿದೆ. ಮುತ್ಯಾ ಬರಲಿಲ್ಲ. ಸಾಹೇಬರು ಈ ಸಲವೂ ಐದನ್ನು ಎಳೆಸಿ ತೊಳೆಸಿದರು. ಮೂರನೆಯ ದಿನ ತೂಗಿದಾಗ ಇಳಿದದ್ದು ಎರಡು ಔನ್ಸು, ಒಂದರಲ್ಲಿ ಮೂರು. ಆಮೇಲೆ ಇನ್ನೂರನ್ನೂ ನೆಲದ ಮೇಲೆ ಹರವಿ ಪಟ್ಟಿ ಹಿಡಿದು ಅಳೆದರು. ನೂರಾ ಎಂಬತ್ತಮೂರು ಒಪ್ಪಿಗೆಯಾದವು. ಹದಿನೇಳು ಗಿಡ್ಡ. ಹದಿನೇಳೂ ನಾನು ಡೋಣಿಯಲ್ಲಿ ತೊಳೆಸಿದವು.

ಸಾಹೇಬರು ಒಪ್ಪಿಗೆ ಬರೆಯುವಾಗ ಪುಸ್ತಕದಲ್ಲಿ ಆ ಪುಟದ ಮೇಲ್ಭಾಗ ಕಂಡಿತು. ಮೊದಲ ಪರೀಕ್ಷೆಯ ಕೆಳಗೆ, ಊರಿನ ಹೆಸರಿನ ಮುಂದೆ, ಅವರು ಅಂದು ಆಡಿದ ಮಾತೇ ಬರೆದಿತ್ತು. ನೇಕಾರರು ಮೋಸ ಮಾಡುವವರು ಎಂದು. ಅದನ್ನು ಹೊಡೆದುಹಾಕಬೇಕು ಎಂದು ಕೇಳಿಕೊಂಡೆ. ಅವರು ನನ್ನನ್ನು ನೋಡಿ, ಬರೆದದ್ದನ್ನು ಅಳಿಸುವ ಅಧಿಕಾರ ತಮಗೂ ಇಲ್ಲ, ಕೆಳಗೆ ಹೊಸದು ಬರೆಯಬಹುದು ಅಷ್ಟೇ ಎಂದರು. ‘ತೊಳೆದು ತಂದ ಮೇಲೆ ಮಾಲು ಸರಿ ಇದೆ’ ಎಂದು ಬರೆದರು. ಇನ್ನೊಂದು ಮಾತು ಸೇರಿಸಬೇಕು ಎಂದೆ: ಉಣ್ಣೆ ಮೊದಲೂ ಸರಿ ಇತ್ತು ಎಂದು. ಸ್ವಲ್ಪ ಯೋಚಿಸಿ ಅದನ್ನೂ ಬರೆದರು. ಮೇಲಿನ ಸಾಲು ಮಾತ್ರ ಇದ್ದಲ್ಲಿಯೇ ಉಳಿಯಿತು.

ಗಿಡ್ಡವಾದ ಹದಿನೇಳನ್ನು ಮಾಲಕರು ಗೊಣಗುತ್ತಾ ಅಂಗಡಿಗೆ ಇಳಿಸಿಕೊಂಡರು. ತಪ್ಪು ಊರಿನವರದಲ್ಲ ಎಂದು ಒಪ್ಪಿಸಲು ನನಗೆ ಒಂದು ಇಡೀ ಬೆಳಗು ಬೇಕಾಯಿತು. ಗದ್ದುಗೆಗೆ, ತೊಟ್ಟಿಲಿಗೆ ಎಂದು ಒಂದೊಂದಾಗಿ ಹೋದವು.

ಕಳ್ಳಕವಟಗಿಗೆ ಹೋಗಿ ಹೇಳುವುದು ಉಳಿದಿತ್ತು. ಮಾಲು ಪಾಸಾಯಿತು, ಹೆಸರು ಸ್ವಚ್ಛವಾಯಿತು ಎಂದು ಹೇಳಿದ್ದರೆ ಅಲ್ಲಿ ಯಾರೂ ಪುಸ್ತಕ ತೆಗೆದು ನೋಡುವವರಿರಲಿಲ್ಲ. ದಾರಿಯುದ್ದಕ್ಕೂ ಆ ಮಾತು ನನ್ನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಕಟ್ಟೆಯ ಮೇಲೆ ಕೂತ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೂರಾ ಎಂಬತ್ತಮೂರು, ಹದಿನೇಳು, ಕೆಳಗಿನ ಎರಡು ಸಾಲು, ಮೇಲಿನ ಒಂದು ಸಾಲು.

‘ಆ ಪುಸ್ತಕ ಎಷ್ಟ ದಿನಾ ಇಟಗೋತಾರ್ರಿ?’ ಎಂದು ಮುತ್ಯಾ ಕೇಳಿದರು.

‘ಗೊತ್ತಿಲ್ರಿ.’

‘ಗೆದ್ದಲ ತಿನ್ನೂದಿಲ್ಲೇನ ಅದನ್ನ?’ ಎಂದು ಆಯಿ ಒಳಗಿನಿಂದ ಕೂಗಿದರು. ‘ನಮ್ಮ ಮನ್ಯಾಗ ಬಾಗಲಾನೂ ಬಿಟ್ಟಿಲ್ಲ ಅವು.’

ಮುತ್ಯಾ ನಗಲಿಲ್ಲ. ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ನಾರನ್ನು ಬಿಗಿ ಮಾಡುತ್ತಿದ್ದರು.

‘ಮುಂದಿನ ಸಲಾನೂ ಮಾಲು ಕೊಡ್ತೇವ್ರಿ. ಗಂಜಿ ಒಂದs ಸಲ. ತೊಳದs ಕೊಡ್ತೇವಿ. ಆದ್ರ ತಕ್ಕಡಿ ಮುಂದ ನಾ ಬರಾಂಗಿಲ್ಲ. ಅವರು ಏನರೆ ಅಂದ್ರ ನೀವು ಕೇಳ್ರಿ. ಕೇಳಿ ಬಂದು ನನಗ ಹೇಳ್ರಿ. ಒಂದು ಮಾತೂ ನಡುವ ಬಿಡಬ್ಯಾಡ್ರಿ.’

ಆಗಲಿ ಎಂದೆ.

ಯುದ್ಧ ಮುಗಿಯುವ ತನಕ ಡಿಪೋಗೆ ಇನ್ನೂ ಮೂರು ಸಲ ಕಳ್ಳಕವಟಗಿಯ ಮಾಲು ಹೋಯಿತು. ಪ್ರತಿ ಸಲ ನಾನು ಒಬ್ಬನೇ ನಿಂತೆ. ಮೊದಲ ಸಲ ಸಾಹೇಬರು ಊರಿನ ಹೆಸರು ಕೇಳಿದ ಕೂಡಲೇ ಹಳೆಯ ಪುಟ ತಿರುವಿ ಓದಿ, ಇವರ ಮಾಲನ್ನು ಎರಡು ಪಟ್ಟು ತೊಳೆಯಿರಿ ಎಂದರು. ಅದನ್ನು ಅವರ ಮಾತಿನಲ್ಲೇ ಮುತ್ಯಾನಿಗೆ ಹೇಳಿದೆ. ಅವರು ಉಣ್ಣೆ ಹಿಂಜುವುದನ್ನು ನಿಲ್ಲಿಸದೆ ಕೇಳಿದರು. ಎರಡನೆಯ ಸಲ ಸಾಹೇಬರು ಎರಡು ಕಂಬಳಿಯ ಅಂಚು ವಕ್ರವೆಂದು ಬೈದರು. ಅದನ್ನೂ ಹೇಳಿದೆ.

ಮೂರನೆಯ ಸಲ ಸಾಹೇಬರು ತೂಗಿದರು, ಅಳೆದರು, ಸಹಿ ಮಾಡಿದರು, ಬೇರೆ ಕೆಲಸಕ್ಕೆ ತಿರುಗಿದರು. ಕಳ್ಳಕವಟಗಿಗೆ ಹೋಗಿ ಅಷ್ಟನ್ನೇ ಹೇಳಿದೆ. ಬಿಲ್ಲಿನ ಸದ್ದು ನಿಂತಿತು.

‘ಏನೂ ಅನ್ನಲಿಲ್ಲೇನ್ರಿ?’

‘ಏನೂ ಅನ್ನಲಿಲ್ರಿ ಮುತ್ಯಾ.’

‘ಖರೇನ?’ ಎಂದರು. ನಾನು ಖರೇ ಎಂದ ಮೇಲೆ ಇನ್ನೊಮ್ಮೆ ಕೇಳಿದರು.